ಸಾಲ್ಸ್‌ಬರ್ಗಿನಲ್ಲಿ ನನ್ನ ಪಾಸ್‌ಪೋರ್ಟು

ಕುವೈತಿನಲ್ಲಿ ನಾವಿರುವುದು ಬಾಡಿಗೆ ಕೋಣೆಯಲ್ಲಿ, ನಮ್ಮ ಪಾಸ್‌ಪೋರ್ಟು ಇರುವುದು ಕಂಪನಿಯಲ್ಲಿ. ಶುವೈಖ್‌ನ ಕಾರು ವರ್ಕ್‌ಶಾಪಿಗೆ ನಾನು ಸೇರಿದ ದಿನವೇ ಮಂದೂಬ್, ಅಂದರೆ ಇಕಾಮಾ ಎನ್ನುವ ವಾಸದ ಪರವಾನಗಿ, ವೀಸಾ ಕೆಲಸಕ್ಕೆ ಓಡಾಡುವ ಕಂಪನಿಯ ಮನುಷ್ಯ, ನನ್ನದನ್ನು ಇಸಿದುಕೊಂಡಿದ್ದ. ಅಪ್ಪನಿಗೆ ಸೀಕು ತುಂಬ ಜೋರಾಗಿದೆ ಎಂದು ಊರಿನಿಂದ ಫೋನು ಬಂದಾಗ ಕೇಳಲು ಹೋದೆ. ಸಹಿ ಹಾಕಬೇಕಾದ ಮುದೀರ್, ಅಂದರೆ ಮ್ಯಾನೇಜರು, ರಜೆಯಲ್ಲಿದ್ದರು. ‘ನಾಳೆ ಭಾಯಿ, ನಾಳೆ’ ಎಂದು ಮಂದೂಬ್ ಅಲೆಸಿದ. ನಾನು ಊರು ಮುಟ್ಟುವಾಗ ಅಪ್ಪನ ಉತ್ತರಕ್ರಿಯೆಯೂ ಮುಗಿದಿತ್ತು.

ಅದರ ಮರುವರ್ಷ, ತೊಂಬತ್ತರ ಮೇ ತಿಂಗಳಲ್ಲಿ, ಹೊಸ ಗಾಡಿಗಳ ತರಬೇತಿಗೆಂದು ಕಂಪನಿ ಪಾಸ್‌ಪೋರ್ಟು ಕೈಗಿತ್ತು ನನ್ನನ್ನು ಮ್ಯೂನಿಕ್‌ಗೆ ಕಳಿಸಿತು. ಜೊತೆಗೆ ಬಿಡಿಭಾಗಗಳ ವಿಭಾಗದ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮಿತ್ರರೊಬ್ಬರು. ಗಡಿ ದಾಟಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನೋಡಿ ಸಂಜೆಗೆ ಮರಳುವ ಭಾನುವಾರದ ಬಸ್ಸಿಗೆ ಅವರೇ ಟಿಕೆಟು ಮಾಡಿಸಿದರು.

ಗಡಿಯಲ್ಲಿ ಬಸ್ಸು ನಿಂತಿತು. ಗೈಡ್ ಹೆಂಗಸು ನಗುನಗುತ್ತ ಎಲ್ಲರ ಪಾಸ್‌ಪೋರ್ಟು ಒಟ್ಟುಮಾಡುತ್ತ ಬಂದಳು. ಆ ನಗುವೇ ನನಗೆ ಹಿಡಿಸಲಿಲ್ಲ. ಕಾರಣವಿಲ್ಲದೆ ನಗುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ.

“ಕೊಡಿ ಮಾರಾಯ್ರೆ, ಎಲ್ಲರೂ ಕೊಟ್ಟಾಯ್ತು,” ಎಂದರು ಮಿತ್ರರು.

“ಅವಳು ಎಲ್ಲಿಗೆ ತಕೊಂಡು ಹೋಗ್ತಾಳೆ ಅಂತ ನಿಮಗೆ ಗೊತ್ತುಂಟಾ?”

“ಅಗೋ, ಆ ಕಿಟಕಿಯ ಹತ್ರ. ಇಲ್ಲಿಂದಲೇ ಕಾಣ್ತದಲ್ಲ.”

“ಹಾಗಾದ್ರೆ ನಾನೇ ತಕೊಂಡು ಹೋಗ್ತೇನೆ.”

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ನೋಡಲಿ ಎಂದುಕೊಂಡು ಅವಳ ಹಿಂದೆಯೇ ಇಳಿದೆ. ಉಳಿದವರ ಪಾಸ್‌ಪೋರ್ಟುಗಳನ್ನು ಅಧಿಕಾರಿ ಸುಮ್ಮನೆ ಮಗುಚಿ ಹಿಂದಿರುಗಿಸಿದ. ನಾನು ಎದುರಿಗೇ ಕಾವಲು ನಿಂತದ್ದಕ್ಕೋ ಏನೋ, ನನ್ನದರ ಒಂದೊಂದೇ ಹಾಳೆ ತಿರುಗಿಸಿದ. ಫೋಟೋ ನೋಡಿದ, ನನ್ನ ಮೀಸೆ ನೋಡಿದ, ಯಾರಿಗೋ ಫೋನು ಮಾಡಿದ. ನನ್ನ ಸಂಶಯ ಅವನಿಗೂ ಅಂಟಿತ್ತು. ಕೊನೆಗೆ ಮುದ್ರೆ ಒತ್ತಿ ಕೊಟ್ಟಾಗ ಜೀವ ಬಂದಂತಾಯಿತು.

ಸಾಲ್ಸ್‌ಬರ್ಗ್ ಬಲು ಹಳೆಯ ಊರು. ಗುಡ್ಡದ ಮೇಲೆ ಕೋಟೆ, ಕೆಳಗೆ ಹೊಳೆ, ಓಣಿಗೊಂದು ಇಗರ್ಜಿ. ಮಿತ್ರರು ಪ್ರತಿ ಇಗರ್ಜಿಯಲ್ಲೂ ಮೊಣಕಾಲೂರಿದರು. ನಾನು ಹೊರಗೆ ನಿಂತು, ಮೈಗೆ ತಾಗಿಕೊಂಡು ಹೋದವರನ್ನೆಲ್ಲ ತಿರುಗಿ ನೋಡುತ್ತ ಜೇಬು ಮುಟ್ಟಿಕೊಂಡೆ. ಅವರು ತೆಗೆದ ಫೋಟೋಗಳಲ್ಲೆಲ್ಲ ನನ್ನ ಬಲಗೈ ಎದೆಯ ಮೇಲಿದೆ. ಹೃದಯದ ಕಾಯಿಲೆಯವನ ಹಾಗೆ ಕಾಣುತ್ತೇನೆ. ವಾಪಸು ಬರುವಾಗ ಗಡಿಯಲ್ಲಿ ಗೈಡ್ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಬಾಗಿಲು ತೆರೆದು, ಬನ್ನಿ ಎಂದು ಕೈಸನ್ನೆ ಮಾಡಿದಳು, ಅಷ್ಟೆ.

ತರಬೇತಿ ಮುಗಿಸಿ ಕುವೈತಿನಲ್ಲಿ ಇಳಿದಾಗ ವಿಮಾನ ನಿಲ್ದಾಣದ ಹೊರಗೆ ಮಂದೂಬ್ ನಿಂತಿದ್ದ. ಅವನು ನಗಲೂ ಇಲ್ಲ.

“ಯಲ್ಲಾ ಭಾಯಿ, ಪಾಸ್‌ಪೋರ್ಟ್,” ಎಂದು ಕೈ ಚಾಚಿದ.

ಕೊಡುವುದಿಲ್ಲ ಎನ್ನಬೇಕೆಂದು ವಿಮಾನದಲ್ಲಿ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಪ್ಪನ ಮುಖ ನೋಡಲು ಬಿಡದವನ ಕೈಗೆ ಜೇಬಿನಿಂದ ತೆಗೆದು ಕೊಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲೆ, ಊರಿಗೆ ಹೋಗಲೇಬೇಕೆಂದು ಶುವೈಖ್‌ಗೆ ಓಡಿದೆ. ಕಂಪನಿಯ ಷಟರ್ ಮುರಿದು ಬಿದ್ದಿತ್ತು. ‘ನಾಳೆ’ ಎನ್ನುವುದಕ್ಕೂ ಅಲ್ಲಿ ಯಾರೂ ಇರಲಿಲ್ಲ.