ಚಾಚಿ ಕೇಳಿದ ಎಂಟು ದಿನ

ಚಾಚಿಯ ಬಲಗೈ ಮೇಲೆ ಹೇಂಟೆ ಕುಕ್ಕಿದ ಗಾಯ ಒಂದಾದರೂ ಹಸಿಯಾಗಿರುತ್ತಿತ್ತು. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ದಿನವೂ ಕೈ ಹಾಕುವವರಿಗೆ ಅದು ತಪ್ಪಿದ್ದಲ್ಲ. ಅರಿಶಿನವಾದರೂ ಹಚ್ಚಿಕೊಳ್ಳಿ ಎಂದರೆ, "ಆಕಿ ತಾಯಿ ಅದಾಳ್ರಿ, ಕುಕ್ಕಲಿ ಬಿಡ್ರಿ" ಎನ್ನುತ್ತಿದ್ದರು.

ಅಥಣಿ ರಸ್ತೆಯ ಬಡಾವಣೆಯಲ್ಲಿ ಅವರ ಮನೆ ನಮ್ಮ ಹಿತ್ತಲಿಗೆ ಹೊಂದಿಕೊಂಡಿತ್ತು. ನಾವು ನೌಕರಿಯವರೆಲ್ಲ ಸೈಟು ಕೊಂಡು ಬರುವ ಮೊದಲೇ ಅವರು ಅಲ್ಲಿದ್ದರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಎಲ್ಲರೂ ಅವರೇ ನಡುವೆ ಬಂದು ಸೇರಿಕೊಂಡವರಂತೆ ಮಾತಾಡಿದರು. ಗಂಡ ತೀರಿದ ಮೇಲೆ ಜವಾರಿ ಕೋಳಿ, ಬಾತುಕೋಳಿ ಎರಡನ್ನೂ ಸಾಕಿ ಬದುಕುತ್ತಿದ್ದರು. ಹುಂಜ, ಗಂಡು ಬಾತು ಗಾಂಧಿ ಚೌಕದ ಕಡೆ ಮಾಂಸಕ್ಕೆ ಹೋಗುತ್ತಿದ್ದವು, ತತ್ತಿ ಮಾತ್ರ ಬಡಾವಣೆಯಲ್ಲೇ ಖರ್ಚಾಗುತ್ತಿತ್ತು. ಬಾತುಕೋಳಿ ನೀರು ಚೆಲ್ಲಾಡಿ ಕೆಸರು ಮಾಡುತ್ತದೆ, ಕೋಳಿಗೆ ಒಣ ನೆಲವೇ ಬೇಕು. ನಡುವೆ ತಗಡು ಕಟ್ಟಿ ಎರಡೂ ಸಂಸಾರ ತೂಗಿಸುತ್ತಿದ್ದರು.

ಅವರ ಬಾತುಕೋಳಿಗಳು ತತ್ತಿ ಇಟ್ಟವೆಂದರೆ ತಿರುಗಿ ನೋಡುತ್ತಿರಲಿಲ್ಲ. ಅವನ್ನು ಚಾಚಿ ಹೇಂಟೆಯ ಕೆಳಗೆ ಕಾವಿಗಿಡುತ್ತಿದ್ದರು. ನಾನೂ ಹುರುಪಿನಿಂದ ಅವರಲ್ಲಿ ಒಂದು ಹೇಂಟೆ ಇಸಿದುಕೊಂಡು, ಕೋಳಿಯ ತತ್ತಿ, ಬಾತುಕೋಳಿಯ ತತ್ತಿ ಎರಡನ್ನೂ ಒಂದೇ ದಿನ ಇಟ್ಟೆ. ಇಪ್ಪತ್ತೊಂದನೇ ದಿನ ಕೋಳಿಮರಿ ಹೊರಬಂದವು. ಹೇಂಟೆ ಅವನ್ನು ಕರೆದುಕೊಂಡು ಎದ್ದೇಹೋಯಿತು. ಬಾತುಕೋಳಿಯ ತತ್ತಿಗೆ ಇನ್ನೂ ಒಂದು ವಾರದ ಕಾವು ಬೇಕಿತ್ತು. ತಣ್ಣಗಾಗಿ ಒಳಗೇ ಸತ್ತವು.

"ಸಾಲ್ಯಾಗ ಹುಡುಗೂರಿಗೆ ಲೆಕ್ಕಾ ಕಲಸ್ತೀರಿ ಅಕ್ಕೋರ, ಒಂದ ವಾರದ ಲೆಕ್ಕಾ ತಿಳೀಲಿಲ್ಲೇನ್ರಿ?" ಎಂದು ಚಾಚಿ ಬೈದರು. "ಬಾತುಕೋಳೀದು ಮೊದಲ ಇಡಬೇಕು. ವಾರ ಬಿಟ್ಟು ಕೋಳೀದು. ಆಮ್ಯಾಲೆ ಎಲ್ಲಾ ಕೂಡೇ ಒಡೀತಾವ." ಅಷ್ಟು ಬೈದವರು ಮರುದಿನ ನನ್ನ ಮಗಳಿಗೆ ಜ್ವರವೆಂದು ತಿಳಿದು ಸೆರಗಿನಲ್ಲಿ ತತ್ತಿ ಕಟ್ಟಿಕೊಂಡು ಬಂದರು.

ಇಂಥ ಹೆಣ್ಣುಮಗಳನ್ನು ನಾವು ಹೊರಹಾಕಿದೆವು. ಬಡಾವಣೆಯ ಹಿರಿಯರೊಬ್ಬರ ಮನೆಗೆ ಬೀಗರು ಬಂದಾಗ ನಾತ ಬಡಿಯಿತಂತೆ, ಮರ್ಯಾದೆ ಹೋಯಿತಂತೆ. ಚಾಚಿಯ ಕೋಳಿ, ಬಾತು ತೆಗೆಸಿರೆಂದು ನಗರಪಾಲಿಕೆಗೆ ಕೊಟ್ಟ ಅರ್ಜಿಗೆ ಸಹಿ ಹಾಕಿದವರೆಲ್ಲ ಚಾಚಿಯ ತತ್ತಿ ತಿಂದವರೇ. ಬೆಳಿಗ್ಗೆ ಕೊಂಡು ತಂದು ಸಂಜೆ ಸಹಿ ಹಾಕಿದ ಭೂಪರೂ ಇದ್ದರು. ಆ ಅರ್ಜಿ ಬರೆದವಳು ನಾನು. "ನಿಮ್ಮ ಅಕ್ಷರ ಛಂದ ಅದಾವ ಮೇಡಂ, ನೀವ ಬರೀರಿ" ಎಂದರು, ಉಬ್ಬಿಹೋದೆ.

ಪಾಲಿಕೆಯವರು ಬಂದು ಮರುದಿನವೇ ಕೋಳಿ, ಬಾತು ಎಲ್ಲ ಖಾಲಿ ಮಾಡಬೇಕೆಂದರು. ಚಾಚಿ ಜಗಳಕ್ಕೆ ನಿಲ್ಲಲಿಲ್ಲ.

"ಒಯ್ತೀನ್ರಿ ಸಾಹೇಬ್ರ. ಎರಡು ಹೇಂಟಿ ಬಾತುಕೋಳಿ ತತ್ತಿ ಮ್ಯಾಲೆ ಕುಂತಾವ. ಎಂಟ ದಿನಾ ಕೊಡ್ರಿ, ಮರಿ ಒಡೀತಾವ."

ಅಲ್ಲೇ ನಿಂತಿದ್ದ ಆ ಹಿರಿಯರು ನಕ್ಕರು. "ತತ್ತೀಗೆ ಎಲ್ಲಿದ್ರೇನ್ ಬೇ? ಟಂಟಂ ಗಾಡ್ಯಾಗ ಇಟಗೊಂಡು ಹೋಗು."

ಎಬ್ಬಿಸಿದ ಹೇಂಟೆ ಮತ್ತೆ ಕೂರುವುದು ಖಾತ್ರಿಯಿಲ್ಲವೆಂದು, ಕಾವು ತಪ್ಪಿದರೆ ಏನಾಗುತ್ತದೆಂದು ಆ ಗುಂಪಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಚಾಚಿ ನನ್ನತ್ತ ನೋಡಿದರು. ನಾನು ಹೆಗಲ ಚೀಲ ಸರಿಪಡಿಸಿಕೊಂಡೆ.

ಕೋಳಿ, ಬಾತು ಬಿಟ್ಟರೆ ಬೇರೆ ಬದುಕಿಲ್ಲದ ಚಾಚಿ ಅವನ್ನೆಲ್ಲ ಹೇರಿಕೊಂಡು ತಿಕೋಟಾದ ತಂಗಿಯ ಮನೆಗೆ ಹೋದರು. ದಾರಿಯ ಕುಲುಕಾಟಕ್ಕೆ ಎದ್ದ ಹೇಂಟೆಗಳು ಮತ್ತೆ ಕೂರಲಿಲ್ಲ. ಒಂದು ತತ್ತಿಯೂ ಮರಿಯಾಗಲಿಲ್ಲ. ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ತಿಕೋಟಾಕ್ಕೆ ಹೋಗಿ, "ಚಾಚಿ, ಅರ್ಜಿ ನಾನ ಬರದದ್ದು" ಎಂದೆ.

ಚಹಾ ಮುಂದಿಟ್ಟರು. "ಗೊತ್ತೈತ್ರಿ. ಮಂದಿ ಬರೀರಿ ಅಂದ್ರು, ಬರದ್ರಿ. ಅದಕ್ಕ ಸಿಟ್ಟಿಲ್ರಿ ನನಗ. ಎಂಟ ದಿನಾ ಬೇಡಿದಾಗ ಸುಮ್ನ ಯಾಕ ನಿಂತ್ರಿ? ಅವರಿಗೆ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತಲ್ರಿ."

ಚಹಾ ಕುಡಿದು ಬಸ್ಸು ಹತ್ತಿದೆ. ಆ ಮಳೆಗಾಲ ಮುಗಿಯುವುದರೊಳಗೆ ಚಾಚಿ ತೀರಿಹೋದರು.

ಸುದ್ದಿ ಬಂದ ದಿನ ಅದೇ ಹಿರಿಯರು, "ಪಾಪ, ಭಾಳ ಛಲೋ ಹೆಣ್ಮಗಳು" ಎಂದರು. ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೆ ಅವರ ಮೇಲಿನ ಸಿಟ್ಟು ಇಂದಲ್ಲ ನಾಳೆ ಇಳಿದೀತು, ಅವರು ತಿಳಿಯದವರು. ತಿಳಿದೂ ಬಾಯಿ ಬಿಡದವಳ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯಲೂಬಾರದು.