ರೆಕ್ಕೆಗೆ ಹಚ್ಚಿದ ಭಂಡಾರ

ಸಿಂದಗಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತುವವರು ಬೇಕಾದಷ್ಟು ಜನ ಇದ್ದಾರೆ. ಹೆಲಿಕಾಪ್ಟರ್ ಕಟ್ಟುವ ಹುಚ್ಚ ಮಾತ್ರ ಒಬ್ಬನೇ, ನನ್ನ ಪಕ್ಕದ ಮನೆಯ ಮಾಳಿಂಗಪ್ಪ. ಮನುಷ್ಯರನ್ನು ಹೊರುವ ಹೆಲಿಕಾಪ್ಟರ್ ಅಲ್ಲ. ತೋಳಲ್ಲಿ ಎತ್ತಿಕೊಳ್ಳಬಹುದಾದಂಥದ್ದು, ರಿಮೋಟಿನಿಂದ ಹಾರುವಂಥದ್ದು.

"ಹಾರಸೂದು ಸಸಾರ ಐತ್ರಿ, ಗಾಳ್ಯಾಗ ಒಂದ ಕಡೆ ನಿಂದರಸೂದ ತ್ರಾಸ," ಎಂದು ನನಗೆ ಎಷ್ಟೋ ಸಲ ಪಾಠ ಮಾಡಿದ್ದಾನೆ. ಅದಕ್ಕೆಂದೇ ಎರಡು ರೆಕ್ಕೆಗಳ ಮೇಲೆ ಅಡ್ಡಲಾಗಿ ಒಂದು ಸಲಾಕೆ ಕೂರಿಸಿ, ಅದರ ತುದಿಗಳಿಗೆ ಗುಂಡು ಸಿಕ್ಕಿಸಿದ್ದ. ಹೆಲಿಕಾಪ್ಟರ್ ವಾಲಿದರೆ ಆ ತಿರುಗುವ ಸಲಾಕೆ ರೆಕ್ಕೆಗಳನ್ನು ಹೊರಳಿಸಿ ದಾರಿಗೆ ತರುತ್ತದೆ. ಆದರೆ ಎರಡೂ ರೆಕ್ಕೆಗಳ ತೂಕ ಸಮ ಇರಬೇಕು. ಚೂರು ಹೆಚ್ಚುಕಡಿಮೆಯಾದರೂ ಇಡೀ ಯಂತ್ರ ಚಳಿಜ್ವರ ಬಂದವರಂತೆ ನಡುಗುತ್ತದೆ.

ಅವನ ಹೆಂಡತಿ ಶೇವಂತೆವ್ವನಿಗೆ ಈ ಪುರಾಣವೆಲ್ಲ ಯಾಕೆ ಬೇಕು? ಮಹಾನವಮಿಯ ದಿನ ಇಕ್ಕಳ, ಸುತ್ತಿಗೆಗಳಿಗೆ ಹಚ್ಚಿದ ಹಾಗೆ ಒಂದು ರೆಕ್ಕೆಯ ತುದಿಗೂ ಎಣ್ಣೆಯಲ್ಲಿ ಕಲಸಿದ ಭಂಡಾರ ಬಳಿಯುತ್ತಿದ್ದಳು. ಮನೆದೇವರ ಅರಿಶಿನ ಅದು, ಒರೆಸುವಂತಿಲ್ಲ.

"ಏ ಹುಚ್ಚಿ, ಮತ್ತ ತೂಕ ಕೆಡಿಸಿದೆಲ್ಲ!"

"ದೇವರ ಭಂಡಾರ ಭಾರ ಆಗತೈತೇನ್ರಿ?"

ಅವನು ಬಾಯಿತುಂಬ ಬೈದು, ಇನ್ನೊಂದು ರೆಕ್ಕೆಗೆ ಸೀಸದ ಚೂರು ಅಂಟಿಸಿ ಸರಿ ಮಾಡುತ್ತಿದ್ದ. ಪ್ರತಿ ವರ್ಷ ಈ ಕಡೆ ಒಂದು ಪದರ ಭಂಡಾರ, ಆ ಕಡೆ ಒಂದು ಚೂರು ಸೀಸ. ಗೋಡೆಯಾಚೆ ಕೂತು ಆ ಜಗಳ ಕೇಳುವುದೇ ನನಗೆ ಹಬ್ಬ. ಹೋದ ನವಮಿಗೆ ಹೆಲಿಕಾಪ್ಟರ್ ಅಂಗಳದ ಮೇಲೆ ಮೊಳೆಗೆ ತೂಗುಹಾಕಿದ ಹಾಗೆ ನಿಂತಿತ್ತು. ಶೇವಂತೆವ್ವ ಗಲ್ಲಕ್ಕೆ ಕೈಯಿಟ್ಟು ನೋಡಿದ್ದಳು.

ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಮಾಳಿಂಗಪ್ಪ ಅಳಲಿಲ್ಲ. ಕೊಟ್ಟರೆ ಉಂಡ, ಗಿರಾಕಿಗಳ ಮೋಟಾರಿಗೆ ತಂತಿ ಸುತ್ತಿದ, ಹೇಳಿದ್ದಕ್ಕೆಲ್ಲ ಹೂಂ ಎಂದ. ಕಲ್ಲಿಗಾದರೂ ಬಿಸಿಲು ತಾಗುತ್ತದೆ ಎಂದು ನನಗೆ ಸಿಟ್ಟೇ ಬಂತು. ಆಲಮೇಲದಿಂದ ಬಂದಿದ್ದ ಮಗಳು ಸುನೀತಾಳಿಗೆ ಒಂದೇ ಮಾತು ಹೇಳಿದ.

"ನಿಮ್ಮವ್ವ ನೋಡಿದ್ಲಲ್ಲ, ಹಂಗ ಇನ್ನೊಮ್ಮೆ ನಿಂದರಬೇಕು. ಮತ್ತೇನೂ ಬ್ಯಾಡ ನನಗ."

ಹಾರಿಸಿದರೆ ಹೆಲಿಕಾಪ್ಟರ್ ಗಡಗಡ ನಡುಗಿತು. ಬೇರಿಂಗ್ ಬದಲಿಸಿದ, ಸಲಾಕೆ ಬಿಚ್ಚಿ ಕಟ್ಟಿದ. ನಡುಕ ಹೋಗಲಿಲ್ಲ. ಊಟ ಬಿಟ್ಟು ಅದರ ಮುಂದೆಯೇ ಕೂತ. ಕೊನೆಗೆ ಸುನೀತಾಳೇ ರೆಕ್ಕೆ ಸವರಿ ನೋಡಿ ಕೇಳಿದಳು.

"ಅಪ್ಪಾ, ಇದಕ್ಕ ಇಷ್ಟ ಸೀಸ ಯಾಕ ಅಂಟಿಸೀದಿ?"

ಅವನು ಇನ್ನೊಂದು ರೆಕ್ಕೆ ನೋಡಿದ. ಬೋಳು. ಸೂತಕ ಕಳೆಯುವ ದಿನ ಬೀಗರು ಬಿಜ್ಜರು ಸೇರಿ ಮನೆಯೆಲ್ಲ ತೊಳೆದಿದ್ದರು, ಕೈಗೆ ಸಿಕ್ಕ ಸಾಮಾನೆಲ್ಲ ತಿಕ್ಕಿದ್ದರು. ಶೇವಂತೆವ್ವ ವರ್ಷವರ್ಷ ಬಳಿದ ಭಂಡಾರ ಬಚ್ಚಲಿಗೆ ಹೋಗಿತ್ತು.

"ಸೀಸ ತಗದ್ರ ಸರಿ ಆಗತೈತೇನು?"

"ಆಗತೈತಿ."

ಅಂದನೇ ಹೊರತು ಬಹಳ ಹೊತ್ತು ಕೈ ಹಚ್ಚಲಿಲ್ಲ. ಆಮೇಲೆ ಇಕ್ಕಳ ತೆಗೆದುಕೊಂಡು ಒಂದೊಂದೇ ಚೂರು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಹೆಲಿಕಾಪ್ಟರ್ ಮೇಲೇರಿತು, ನಿಂತಿತು. ಒಂದಿಷ್ಟೂ ಅಲುಗಲಿಲ್ಲ.

"ನಿಂತತಲ್ಲ ಅಪ್ಪಾ!" ಎಂದಳು ಸುನೀತಾ.

ಅವನು ಕಿಸೆಯ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಲೇ ಇದ್ದ.

"ನಿಂತತಿ," ಎಂದ. "ಇನ್ನ ಯಾರಿಗೆ ಬೈಲಿ?"