ಆಳುದ್ದದ ಮೇಣದಬತ್ತಿ

ಹೊಲಿಗೆಯಮ್ಮನ ಮೇಲಿನ ಸಾಲಿನ ಮುಂದಿನ ಹಲ್ಲೊಂದರ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ದಾರವನ್ನು ಹಲ್ಲಿನಿಂದಲೇ ಕಡಿದು ಬಿದ್ದದ್ದು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು. ಅದು ಬಟ್ಟೆಗೆ, ದಾರಕ್ಕಲ್ಲ ಎನ್ನುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ಜಯನಗರದ ನಮ್ಮ ಮನೆಯ ಹಿಂದಿನ ಔಟ್‌ಹೌಸಿಗೆ ಅವರು ಬಾಡಿಗೆಗೆ ಬಂದರು. ಬೀದಿಯಲ್ಲಿ ಆಗ ಅರ್ಧದಷ್ಟು ಸೈಟು ಖಾಲಿ. ಕನಕಪುರದ ಕಡೆಯ ಕ್ರೈಸ್ತರು, ವಿಧವೆ, ಒಬ್ಬನೇ ಮಗ. ಹೊಲಿಗೆಯಿಂದ ಜೀವನ ನಡೆಯುತ್ತಿತ್ತು. ಬೀದಿಯವರಿಗೆಲ್ಲ ಅವರು ಹೊಲಿಗೆಯಮ್ಮ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕತ್ತರಿ ಹಿಡಿದ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. "ತಪ್ಪಿ ಕತ್ತರಿಸಿದರೆ ಆಮೇಲೆ ಪ್ರಾರ್ಥನೆ ಮಾಡಿ ಏನು ಬಂತು?" ಎನ್ನುವರು.

ನಮ್ಮ ಅಜ್ಜಿಗೂ ಅವರಿಗೂ ದಿನವೂ ಮಾತಿನ ಚಕಮಕಿ.

"ನಿಮ್ಮ ಕುಪ್ಪಸ ವರ್ಷ ವರ್ಷ ದೊಡ್ಡದಾಗ್ತಿದೆ ಅಜ್ಜಿ."

"ನಿನ್ನ ಟೇಪು ಕುಗ್ತಿದೆ ಕಣೇ, ನಾನೇನೂ ಊದಿಲ್ಲ."

ಮಗ ನನ್ನ ಓರಗೆಯವನು. ಕಾರ್ಖಾನೆಯೊಂದರಲ್ಲಿ ತರಬೇತಿಗೆ ಸೇರಿದ್ದ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವನ ಹೃದಯದ ಕವಾಟವನ್ನು ಕೆಡಿಸಿತ್ತು. ಒಂದು ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕಾಲು ಊದಿದವು, ಮೆಟ್ಟಿಲು ಹತ್ತಲಾಗದೆ ಹಾಸಿಗೆ ಹಿಡಿದ. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು.

ಅವರ ಊರಿನ ಕಡೆ ಒಂದು ಹರಕೆಯ ಕ್ರಮವಿತ್ತು. ಕಾಯಿಲೆಯವರನ್ನು ನೆತ್ತಿಯಿಂದ ಪಾದದವರೆಗೆ ದಾರದಲ್ಲಿ ಅಳೆಯುವುದು, ಆ ದಾರವನ್ನೇ ಬತ್ತಿ ಮಾಡಿ ಅಷ್ಟುದ್ದದ ಮೇಣದಬತ್ತಿ ಎರೆಸುವುದು, ಗುಣವಾದ ಮೇಲೆ ಚರ್ಚಿಗೆ ಒಯ್ದು ಹಚ್ಚುವುದು. ಹೊಲಿಗೆಯಮ್ಮ ದಾರ ಹಿಡಿದು ಮಗನ ಮಂಚದ ಬಳಿ ಬಗ್ಗಿದಾಗ ನಾನೂ ಅಜ್ಜಿಯೂ ಅಲ್ಲೇ ಇದ್ದೆವು.

"ಏಯ್, ಹಾಸಿಗೆ ಹಿಡಿದವನನ್ನ ಅಳೀಬಾರ್ದು ಕಣೇ!" ಅಜ್ಜಿ ಕೂಗಿದರು. "ಹೆಣಕ್ಕೆ ಹಾಗೆ ಅಳೆಯೋದು."

"ಬಿಡಿ ಅಜ್ಜಿ, ಪ್ಯಾಂಟಿಗೆ ಅಳತೆ ತಗೋತಿದಾರೆ ಅನ್ಕೊಳ್ಳಿ" ಎಂದ ಮಗ. ಅಷ್ಟು ಹೇಳುವುದಕ್ಕೇ ಅವನಿಗೆ ಏದುಸಿರು ಬಂತು.

ಹೊಲಿಗೆಯಮ್ಮ ದಾರ ಹಿಂದೆಳೆದುಕೊಂಡು ನೆಟ್ಟಗಾದರು. ಆಮೇಲೆ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತು, ದಾರದ ತುದಿಯನ್ನು ಹಿಮ್ಮಡಿಯಲ್ಲಿ ಮೆಟ್ಟಿ, ತಮ್ಮ ನೆತ್ತಿಯವರೆಗೆ ಎಳೆದು, ಅಲ್ಲಿಗೆ ಹಿಡಿದು ಹಲ್ಲಿನಿಂದ ಕಡಿದರು.

"ನನ್ನ ಅಳತೇನೇ ಇರ್ಲಿ. ಇವನ ಬದಲು ದೇವರು ನನ್ನನ್ನ ತಗೊಳ್ಲಿ" ಎಂದರು. "ಒಬ್ಬರಿಗೋಸ್ಕರ ಇನ್ನೊಬ್ಬರು ಸಾಯೋದು ಅವನಿಗೆ ಹೊಸದೇನಲ್ಲ. ಶಿಲುಬೆ ಮೇಲೆ ತಾನೇ ಮಾಡಿ ತೋರಿಸಿದಾನೆ."

"ಅಮ್ಮಾ, ಸುಮ್ನಿರು" ಎಂದ ಮಗ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

ಮೇಣದಬತ್ತಿ ಬಂತು. ಅವರಷ್ಟೇ ಎತ್ತರ, ಹೆಬ್ಬೆರಳ ದಪ್ಪ. ಬಾಗಿಲ ಹಿಂದೆ ನಿಲ್ಲಿಸಿದರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು. ಗಂಜಿಯ ಹೊರತು ಅವರು ಏನೂ ಮುಟ್ಟಲಿಲ್ಲ. ಶುಭ ಶುಕ್ರವಾರ ಬರಿಗಾಲಲ್ಲಿ ದಂಡು ಪ್ರದೇಶದ ಚರ್ಚಿನವರೆಗೆ ನಡೆದು ಹೋಗಿ ಬಂದರು. ತಮಗೇ ಜ್ವರ ಬಂದಾಗ ಸಂತೋಷಪಟ್ಟರು. ಹರಕೆ ಮುಟ್ಟಿತು ಎಂದುಕೊಂಡರು. ಅವರ ಜ್ವರ ಇಳಿಯಿತು. ಈಸ್ಟರ್ ಕಳೆದ ವಾರ ಮಗ ತೀರಿಕೊಂಡ.

ಶವಪೆಟ್ಟಿಗೆ ಮಾಡುವ ಬಡಗಿ ಬಂದು ಉದ್ದ ಕೇಳಿದ. ಹೊಲಿಗೆಯಮ್ಮ ಕೊರಳಲ್ಲಿದ್ದ ಟೇಪು ತೆಗೆದರು. "ನೀನು ಬಿಡಪ್ಪ, ನಾನೇ ಅಳೀತೀನಿ." ಅಂದು ಬೇಡವೆಂದು ಬಿಟ್ಟ ಅಳತೆಯನ್ನು ನೆತ್ತಿಯಿಂದ ಪಾದದವರೆಗೆ ತೆಗೆದುಕೊಂಡರು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು.

ಪಾದ್ರಿಗಳು ಒಳ್ಳೆಯವರು. ದೇವರೂ ತನ್ನ ಮಗನನ್ನು ಕೊಟ್ಟವನು, ನಿಮ್ಮ ಸಂಕಟ ಅವನಿಗೆ ತಿಳಿಯುತ್ತದೆ ಎಂದು ಸಮಾಧಾನ ಹೇಳಿದರು.

"ಅವನ ಮಗ ಮೂರನೇ ದಿನಕ್ಕೆ ಎದ್ದು ಬಂದ ಸ್ವಾಮಿ" ಎಂದರು ಹೊಲಿಗೆಯಮ್ಮ.

ಆಮೇಲೂ ಅವರು ಚರ್ಚಿನ ಭಾನುವಾರದ ಪೂಜೆ ತಪ್ಪಿಸಲಿಲ್ಲ. ಪಾದ್ರಿಗಳು ಕೊಡುವ ಪರಮಪ್ರಸಾದವನ್ನು ಮಾತ್ರ ಸ್ವೀಕರಿಸುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಎದ್ದು ಬರುತ್ತಿದ್ದರು. ನಾನು ಆಗಷ್ಟೇ ಪತ್ರಿಕೆಗೆ ಸೇರಿದ್ದೆ, ಪ್ರಶ್ನೆ ಕೇಳುವ ಚಾಳಿ ಅಂಟಿತ್ತು. ಮತ್ತೆ ಯಾಕೆ ಹೋಗುತ್ತೀರಿ ಎಂದು ಕೇಳಿಬಿಟ್ಟೆ.

"ಜಗಳ ಆಡೋಕೆ ನನಗೆ ದೇವರನ್ನ ಬಿಟ್ರೆ ಬೇರೆ ಯಾರಿದಾರಪ್ಪ?" ಎಂದರು. "ನಾನಾಗೇ ಬರ್ತೀನಿ ಅಂದ್ರೂ ಯಾಕೆ ಬೇಡ ಅಂದೆ ಅಂತ ಕೇಳ್ತೀನಿ. ಕೇಳಿ ಬರ್ತೀನಿ."

"ಏನಂದ?"

"ಏನೂ ಇಲ್ಲ."

ಮೇಣದಬತ್ತಿ ಬಾಗಿಲ ಹಿಂದೆಯೇ ಉಳಿಯಿತು. ಬೇಸಿಗೆ ಬಂದರೆ ಬಾಗುತ್ತಿತ್ತು. ಅದಕ್ಕೊಂದು ಬಿದಿರುಕಡ್ಡಿ ಕಟ್ಟಿ ನೆಟ್ಟಗೆ ಮಾಡಿದ್ದರು. ಹಚ್ಚಿಬಿಡಬಾರದೇನೇ ಎಂದು ಅಜ್ಜಿ ಒಮ್ಮೆ ಕೇಳಿದರು. "ಅವನು ತಗೊಳ್ಲಿಲ್ಲವಲ್ಲ ಅಜ್ಜಿ" ಎಂದರು, ಅಷ್ಟೆ. ಮಿಷಿನ್ನಿನ ಮುಂದೆ ಬಗ್ಗಿ ಬಗ್ಗಿ ಅವರ ಬೆನ್ನು ಗೂನಾಯಿತು. ಅದಕ್ಕೆ ಯಾವ ಕಡ್ಡಿಯನ್ನೂ ಕಟ್ಟುವಂತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಗ್ಗೆ ಅವರು ಏಳಲಿಲ್ಲ. ನಮ್ಮ ಪತ್ರಿಕೆಯ ನಿಧನ ಕಾಲಮ್ಮಿಗೆ ನಾನೇ ಸುದ್ದಿ ಬರೆದೆ. ಇಂಥವರನ್ನು ಅಗಲಿದ್ದಾರೆ ಎಂದು ಕೊನೆಗೊಂದು ಸಾಲು ಇರಬೇಕು. ಹಾಕಲು ಯಾರೂ ಇರಲಿಲ್ಲ. ಸಾಲನ್ನು ಹೊಡೆದುಹಾಕಿದೆ.

ಅದೇ ಬಡಗಿ ಬಂದು ಟೇಪು ಬಿಚ್ಚಿದ. ಅಜ್ಜಿ ತಡೆದರು. "ಅವಳನ್ನ ಅಳೀಬೇಡಪ್ಪ. ಅಳತೆ ಅಗೋ ಅಲ್ಲಿದೆ" ಎಂದು ಬಾಗಿಲ ಹಿಂದೆ ಕೈತೋರಿಸಿದರು. ಅವನು ಮೇಣದಬತ್ತಿಯನ್ನು ಅಳೆದುಕೊಂಡು ಹೋದ.

ಸಂಜೆ ಪೆಟ್ಟಿಗೆ ಬಂತು. ಹಚ್ಚದ ಬತ್ತಿಯನ್ನು ಅವರ ಪಕ್ಕದಲ್ಲಿ ಮಲಗಿಸಿದೆವು. ಅದು ಸರಿಯಾಗಿ ಹಿಡಿಸಿತು. ಬೆನ್ನು ಬಾಗಿ ಕುಗ್ಗಿದ್ದ ಅವರು ಹಿಡಿಸಿಯೂ ಕಾಲ ಬಳಿ ಅಂಗೈ ಅಗಲ ಜಾಗ ಉಳಿಯಿತು. ಅಜ್ಜಿ ಮಿಷಿನ್ನಿನ ಕೆಳಗಿದ್ದ ತುಂಡುಬಟ್ಟೆಗಳನ್ನು ಮಡಿಲಲ್ಲಿ ತಂದು, ಆ ಜಾಗವನ್ನು ತುಂಬಿ, ಮೊಳೆ ಹೊಡೆಯಲು ಹೇಳಿದರು.